ಟೂಲ್‌ಟಿಪ್: ಆಫ್ ಮಾಡುವ ಆಯ್ಕೆಯಷ್ಟೇ ಸಾಲದು

ಗುರುತು ಸಿಗದ ಐಕಾನ್ ಮೇಲೆ ಮೌಸ್ ಇಟ್ಟು ಅರೆಕ್ಷಣ ಕಾದರೆ ಮೂಡುವ ಪುಟ್ಟ ಬರಹವೇ ಟೂಲ್‌ಟಿಪ್. ಅದನ್ನು ನಮಗೆ ಬೇಕಾದಂತೆ ಹೊಂದಿಸಿಕೊಳ್ಳಬಹುದು ಎನ್ನುವ ಸಾಫ್ಟ್‌ವೇರ್‌ಗಳಲ್ಲಿ ಹೆಚ್ಚಿನವು ಕೊಡುವುದು ಬೇಕು–ಬೇಡ ಎಂಬ ಒಂದೇ ಆಯ್ಕೆ. ಇದು ತೀರಾ ಕಡಿಮೆಯಾಯಿತು.

ಮೈಕ್ರೋಸಾಫ್ಟ್ ವರ್ಡ್ ಸ್ವಲ್ಪ ಉದಾರಿ. ವಿವರಣೆಯೂ ಇರಲಿ, ಹೆಸರಷ್ಟೇ ಸಾಕು, ಏನೂ ಬೇಡ ಎಂಬ ಮೂರು ಆಯ್ಕೆಗಳು ಅದರಲ್ಲಿವೆ. ಶಾರ್ಟ್‌ಕಟ್ ಕೀ ತೋರಿಸಬೇಕೆಂದರೆ ಅದಕ್ಕೆ ಬೇರೆ ಟಿಕ್ ಇದೆ. ಲಿಬ್ರೆಆಫೀಸ್‌ನ ದಾರಿ ನನಗೆ ಇನ್ನೂ ಹಿಡಿಸುತ್ತದೆ. ಅಲ್ಲಿ ದೀರ್ಘ ವಿವರಣೆಯನ್ನು ಸೆಟ್ಟಿಂಗ್ಸ್‌ನಲ್ಲಿ ಕಾಯಂ ಆಗಿ ಆನ್ ಮಾಡಿಟ್ಟುಕೊಳ್ಳಬಹುದು, ಇಲ್ಲವೇ ಶಿಫ್ಟ್ ಮತ್ತು ಎಫ್1 ಒತ್ತಿ ಆ ಹೊತ್ತಿಗೆ ಮಾತ್ರ ಕೇಳಬಹುದು. ಕಲಿಯುವವರಿಗೂ ಕಲಿತವರಿಗೂ ಒಂದೇ ತೆರೆಯಲ್ಲಿ ಜಾಗ ಸಿಕ್ಕಂತಾಯಿತು.

ನಿಜವಾದ ಕೊರತೆ ಇರುವುದು ಸಮಯದಲ್ಲಿ. ವಿಂಡೋಸ್‌ನ ಮೂಲ ಟೂಲ್‌ಟಿಪ್ ಸಾಮಾನ್ಯವಾಗಿ ಅರ್ಧ ಸೆಕೆಂಡಿಗೆ ಮೂಡಿ, ಮೌಸ್ ಅಲುಗದಿದ್ದರೂ 5 ಸೆಕೆಂಡಿಗೆ ಮಾಯವಾಗುತ್ತದೆ. ಈ ಲೆಕ್ಕ ಬಂದಿರುವುದು ಡಬಲ್ ಕ್ಲಿಕ್ ವೇಗದಿಂದ! ಬೆರಳಿನ ಚುರುಕಿಗೂ ಓದಿನ ವೇಗಕ್ಕೂ ಏನು ಸಂಬಂಧ? ತೆರೆಯ ಬಟನ್, ಮೆನುಗಳನ್ನು ಕಟ್ಟಲು ಬಳಸುವ ಜಾವಾದ ಸ್ವಿಂಗ್‌ನಲ್ಲಂತೂ ಮೂಡಲು 750 ಮಿಲಿಸೆಕೆಂಡ್, ಉಳಿಯಲು 4 ಸೆಕೆಂಡ್. ಪ್ರೋಗ್ರಾಮರ್ ಇವನ್ನು ಒಂದು ಸಾಲಿನಲ್ಲಿ ಬದಲಿಸಬಲ್ಲ. ಆದರೆ ಬಳಸುವವರ ಕೈಗೆ ಆ ಅಂಕಿ ಸಿಗುವುದು ಅಪರೂಪ. ಇಂಗ್ಲಿಷ್ ವಿವರಣೆಯನ್ನು ನಿಧಾನಕ್ಕೆ ಓದಿ ಅರ್ಥ ಮಾಡಿಕೊಳ್ಳುವ ಕನ್ನಡದ ಗುಮಾಸ್ತರಿಗೆ, ಕಣ್ಣು ಮಂಜಾದ ಹಿರಿಯರಿಗೆ ಎರಡನೇ ಸಾಲು ತಲುಪುವಷ್ಟರಲ್ಲಿ ಬರಹವೇ ಇರುವುದಿಲ್ಲ. 2018ರ ಡಬ್ಲ್ಯುಸಿಎಜಿ 2.1 ಮಾರ್ಗಸೂಚಿ ವೆಬ್ ಪುಟಗಳಿಗೆ ಇದನ್ನು ಬಿಡಿಸಿ ಹೇಳಿದೆ: ಹೀಗೆ ಮೂಡುವ ಬರಹ ಓದುಗರು ಮೌಸ್ ಬೇರೆಡೆ ಒಯ್ಯುವ ಇಲ್ಲವೇ ಅದನ್ನು ಮುಚ್ಚುವ ತನಕ ನಿಲ್ಲಬೇಕು, ಅದರ ಮೇಲೆ ಮೌಸ್ ಒಯ್ದರೂ ಮರೆಯಾಗಬಾರದು. ಡೆಸ್ಕ್‌ಟಾಪ್‌ಗೆ ಈ ನಿಯಮ ಬೇಡವೆನ್ನಲು ನನಗೊಂದು ಕಾರಣವೂ ಕಾಣುವುದಿಲ್ಲ.

3ಡಿ ಸಾಫ್ಟ್‌ವೇರ್ ಬ್ಲೆಂಡರ್ ಮೆಚ್ಚುಗೆಯಾಗುವುದು ಬೇರೆ ಕಾರಣಕ್ಕೆ. ಅದರ ಥೀಮ್‌ನಲ್ಲಿ ಟೂಲ್‌ಟಿಪ್‌ನ ಬಣ್ಣ, ಮೂಲೆಯ ದುಂಡು ಎಲ್ಲವನ್ನೂ ಬದಲಿಸಬಹುದು. ಅದು ಸೊಗಸಿನ ಮಾತು, ಇರಲಿ. ಆದರೆ ಬಟನ್ ಮಂಕಾಗಿ ಒತ್ತಲು ಬಾರದೆ ಕೂತಾಗ ಏಕೆ ಹಾಗಾಯಿತೆಂದು ಹೇಳುವ ಅವಕಾಶ 3.0 ಆವೃತ್ತಿಯಿಂದ ಆ್ಯಡ್-ಆನ್ ಬರೆಯುವವರಿಗೂ ಸಿಕ್ಕಿತು. ಬಟನ್ ಬಳಸಬಹುದೇ ಎಂದು ಪರೀಕ್ಷಿಸುವ ಫಂಕ್ಷನ್‌ನಲ್ಲೇ ‘ಮೊದಲು ಒಂದು ಮೆಶ್ ಆಯ್ಕೆ ಮಾಡಿ’ ಎಂದು ಬರೆದಿಟ್ಟರೆ ಟೂಲ್‌ಟಿಪ್‌ನಲ್ಲಿ ಆ ಮಾತೇ ಕಾಣುತ್ತದೆ. ವಿಂಡೋಸ್ ಪ್ರೋಗ್ರಾಂ ಬರೆಯಲು ಬಳಸುವ ಮೈಕ್ರೋಸಾಫ್ಟ್‌ನ ಡಬ್ಲ್ಯುಪಿಎಫ್‌ನಲ್ಲಿ ಇದಕ್ಕೆ ತದ್ವಿರುದ್ಧ: ಪ್ರೋಗ್ರಾಮರ್ ಬೇರೆಯಾಗಿ ಹೇಳದಿದ್ದರೆ ಮಂಕಾದ ಬಟನ್‌ಗೆ ಟೂಲ್‌ಟಿಪ್ಪೇ ಬರುವುದಿಲ್ಲ. ಕೆಲಸ ಮಾಡುವ ಬಟನ್‌ಗೆ ಇರುವ ವಿವರಣೆ, ಕೈಕೊಟ್ಟ ಬಟನ್‌ಗೆ ಇಲ್ಲ. ಬಳಸುವವರು ಗೊಂದಲದಲ್ಲಿ ಮೌಸ್ ತಂದು ನಿಲ್ಲಿಸುವುದು ಅದರ ಮೇಲೆಯೇ.