ಹೀ-ಮ್ಯಾನ್ ಯಾಕೆ ಯಾವಾಗ್ಲೂ ಒಂದೇ ಥರ ಓಡ್ತಿದ್ದ?

ದೂರದರ್ಶನದಲ್ಲಿ ಹೀ-ಮ್ಯಾನ್ ನೋಡಿ ಬೆಳೆದವರಿಗೆ ನೆನಪಿರಬೇಕು. ಅವನು ಕತ್ತಿ ಎತ್ತೋದು, ಓಡೋದು, ಗುದ್ದೋದು ಎಲ್ಲ ಕಂತಲ್ಲೂ ಥೇಟ್ ಅದೇ. ಹಿಂದಿನ ಗುಡ್ಡ ಮಾತ್ರ ಬೇರೆ. ಇದನ್ನು ಬರೀ ಜಿಪುಣತನ ಅಂತ ಬೈದವರೇ ಜಾಸ್ತಿ. ನನಗೆ ಆ ಸ್ಟುಡಿಯೋ ಪರವಾಗಿ ಎರಡು ಮಾತು ಹೇಳೋದಿದೆ.

ಅದರ ಹೆಸರು ಫಿಲ್ಮೇಶನ್. 1960ರ ದಶಕದ ಶುರುವಿನಲ್ಲಿ ಲೂ ಶೈಮರ್ ಮತ್ತು ಜೊತೆಗಾರರು ಲಾಸ್ ಏಂಜಲೀಸ್‌ನಲ್ಲಿ ಕಟ್ಟಿದ ಪುಟ್ಟ ಕಂಪನಿ. 1966ರಲ್ಲಿ ಸೂಪರ್‌ಮ್ಯಾನ್ ಕಾರ್ಟೂನ್ ಸಿಕ್ಕ ಮೇಲೆ ಚೇತರಿಸಿಕೊಂಡಿತು. 1972ರಲ್ಲಿ ಫ್ಯಾಟ್ ಆಲ್ಬರ್ಟ್, 1973ರಲ್ಲಿ ಸ್ಟಾರ್ ಟ್ರೆಕ್, 1983ರಲ್ಲಿ ಹೀ-ಮ್ಯಾನ್. ಹೀ-ಮ್ಯಾನ್ ಮೊದಲ ಸೀಸನ್ನಿಗೇ 65 ಕಂತು!

ಆ ಹೊತ್ತಿಗೆ ಅಮೆರಿಕದ ಬೇರೆ ಸ್ಟುಡಿಯೋಗಳು ಚಿತ್ರ ಬಿಡಿಸೋ ಕೆಲಸವನ್ನು ಜಪಾನ್, ಕೊರಿಯಾ, ತೈವಾನ್‌ಗೆ ಕಳಿಸ್ತಿದ್ದವು. ಶೈಮರ್ ಬಹುಮಟ್ಟಿಗೆ ಆ ದಾರಿ ಹಿಡಿಯಲಿಲ್ಲ. ಒಮ್ಮೆ ಬಿಡಿಸಿದ್ದನ್ನು ಕೂಡಿಟ್ಟು, ಮತ್ತೆ ಮತ್ತೆ ಬಳಸಿ, ಉಳಿದ ದುಡ್ಡಲ್ಲಿ ತನ್ನೂರಿನ ಕಲಾವಿದರಿಗೇ ಸಂಬಳ ಕೊಟ್ಟರು. ನಮ್ಮ ಭಾಷೆಯಲ್ಲಿ ಕೋಡ್ ರಿಯೂಸ್. ಔಟ್‌ಸೋರ್ಸಿಂಗ್ ಅನ್ನ ತಿನ್ನೋ ನಾನು ಇದನ್ನು ಮೆಚ್ಚೋದು ವಿಚಿತ್ರವೇ, ಇರ್ಲಿ.

ಇದರಿಂದ ಕಲೆಗೆ ನಷ್ಟ ಆಗಲಿಲ್ಲ ಅಂತಲ್ಲ. ಹೀ-ಮ್ಯಾನ್‌ನ ಹೊಡೆದಾಟಗಳು ಸಪ್ಪೆ. ಮುಂದಿನ ಏಟು ಯಾವುದು ಅಂತ ಮಕ್ಕಳಿಗೂ ಗೊತ್ತಾಗುತ್ತೆ. ಆದ್ರೆ ಅದೇ ಸ್ಟುಡಿಯೋದ ಸ್ಟಾರ್ ಟ್ರೆಕ್ ನೋಡಿ. ಪಾತ್ರಗಳು ಅಲುಗಾಡೋದೇ ಅಪರೂಪ, ಆದ್ರೆ ಮೂಲ ಧಾರಾವಾಹಿಯ ಬರಹಗಾರರಿದ್ದರು. ಕಥೆ ಗಟ್ಟಿಯಾಗಿತ್ತು, 1975ರಲ್ಲಿ ಎಮ್ಮಿ ಬಂತು. ಹಾಗಾಗಿ ನನ್ನ ತಕರಾರು ಮರುಬಳಕೆ ಮೇಲಲ್ಲ, ಸೊರಗಿದ ಕಥೆಗಳ ಮೇಲೆ.

ಕೊನೆ ಮಾತ್ರ ಕರುಳು ಹಿಂಡುತ್ತೆ. 1989ರಲ್ಲಿ ಮಾಲೀಕ ಸಂಸ್ಥೆ ವೆಸ್ಟಿಂಗ್‌ಹೌಸ್ ಸ್ಟುಡಿಯೋವನ್ನು ಮಾರಿತು. ಕೊಂಡ ಗುಂಪಿನ ಹಿಂದಿದ್ದದ್ದು ಸೌಂದರ್ಯವರ್ಧಕಗಳ ಲೋರಿಯಲ್. ಅವರಿಗೆ ಬೇಕಿದ್ದದ್ದು ಹಳೇ ಕಾರ್ಟೂನುಗಳ ಭಂಡಾರ. ಫೆಬ್ರವರಿ 3ಕ್ಕೆ ಬಾಗಿಲು ಹಾಕಿತು. 200ಕ್ಕೂ ಹೆಚ್ಚು ಜನ ಬೀದಿಗೆ. ಕೆಲಸದಿಂದ ತೆಗೆಯೋಕೆ 60 ದಿನ ಮುಂಚೆ ನೋಟಿಸ್ ಕೊಡಬೇಕೆಂಬ ಕಾನೂನು ಜಾರಿಗೆ ಬಂದದ್ದು ಮರುದಿನ!

ಮಾಡಿಟ್ಟ ಕೆಲಸಕ್ಕೆ ಬೆಲೆ ಬಂತು, ಮಾಡಿದವರಿಗೆ ಬರಲಿಲ್ಲ. ಕಂಪನಿಯ ಸರ್ವರ್‌ನಲ್ಲಿ ದಿನಾ ಕೋಡ್ ಕೂಡಿಡೋ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಮ್ಮೆ ಹೀ-ಮ್ಯಾನ್ ನೋಡುವಾಗ ಆ ಹಳೇ ಓಟಕ್ಕೆ ಧಾರಾಳವಾಗಿ ನಗಿ. ಅದು ಒಂದಷ್ಟು ವರ್ಷ ಯಾರದೋ ಸಂಬಳ ಉಳಿಸಿದ ಓಟ ಅನ್ನೋದು ನೆನಪಿರಲಿ.