ಐಸ್‌ಕ್ರೀಮಿಗೆ ಸಂದ ಕೀರ್ತಿ

ಟಾನ್ಸಿಲ್ ಆಪರೇಷನ್ ಎಂದೊಡನೆ ಎಲ್ಲರ ಬಾಯಲ್ಲೂ ಬರುವುದು ಐಸ್‌ಕ್ರೀಮ್. ಅಳುವ ಮಗುವನ್ನು ಆಸ್ಪತ್ರೆಗೆ ಒಪ್ಪಿಸುವುದೂ ಅದರ ಆಸೆ ತೋರಿಸಿಯೇ. ತಣ್ಣಗಿನದು ಗಂಟಲಿಗೆ ಒಂದಿಷ್ಟು ಹಿತ, ಮಗು ಕೇಳಿದರೆ ಕೊಡಲಿ. ಕೆಂಪು ಬಣ್ಣದ್ದು ಮಾತ್ರ ಬೇಡ. ವಾಂತಿಯಾದರೆ ರಕ್ತವೋ ಬಣ್ಣವೋ ತಿಳಿಯುವುದಿಲ್ಲ. ಆದರೆ ಹತ್ತು ಹದಿನಾಲ್ಕು ದಿನಗಳ ಚೇತರಿಕೆಯನ್ನು ದಾಟಿಸುವುದು ನೋವಿನ ಸಿರಪ್ಪು ಮತ್ತು ನೀರು. ಅವುಗಳ ಬಗ್ಗೆ ಯಾರೂ ಇಷ್ಟು ಉತ್ಸಾಹದಿಂದ ಮಾತಾಡುವುದಿಲ್ಲ.

ಡಿಸ್ಚಾರ್ಜ್ ಚೀಟಿಗಳಲ್ಲಿ ಕಾಣುವ ಒಂದು ಸಾಲು ನನ್ನನ್ನು ಕಾಡುತ್ತದೆ: ಪ್ಯಾರಾಸಿಟಮಾಲ್, ನೋವಿದ್ದರೆ ಮಾತ್ರ. ನೋವಿದೆ ಎಂದು ಹೇಳಬೇಕಾದವರು ಯಾರು? ನಾಲ್ಕು ವರ್ಷದ ಮಗು ಹೇಳುವುದಿಲ್ಲ. ಉಗುಳು ನುಂಗದೆ ಬಾಯಲ್ಲೇ ಇಟ್ಟುಕೊಳ್ಳುತ್ತದೆ, ಲೋಟ ಕಂಡರೆ ಮುಖ ತಿರುಗಿಸುತ್ತದೆ, ಕಿವಿ ಹಿಡಿದುಕೊಂಡು ಅಳುತ್ತದೆ. ಕಿವಿಗೆ ಏನೂ ಆಗಿರುವುದಿಲ್ಲ. ಗಂಟಲಿನ ನರದ ಕವಲೇ ಕಿವಿಗೂ ಹೋಗುವುದರಿಂದ ನೋವು ಅಲ್ಲಿಯೂ ಕಾಣಿಸಿಕೊಳ್ಳುತ್ತದೆ. ಅಮ್ಮ ಇದನ್ನೆಲ್ಲ ಹಟ ಎಂದುಕೊಂಡು ಕಾಯುತ್ತಾಳೆ. ಅಷ್ಟರಲ್ಲಿ ನೀರು ಕುಡಿಯದ ಗಂಟಲು ಒಣಗಿ ನೋವು ಏರಿರುತ್ತದೆ, ಬಾಯಿಗೆ ಹಾಕಿದ ಸಿರಪ್ಪನ್ನೂ ಮಗು ಉಗಿದುಬಿಡುತ್ತದೆ. ಮೊದಲೆರಡು ದಿನ ಆಡಿಕೊಂಡಿದ್ದ ಮಗುವಿಗೆ ಮೂರನೆಯ, ನಾಲ್ಕನೆಯ ದಿನ ನೋವು ಹೆಚ್ಚುವುದುಂಟು. ಮನೆಯವರು ಔಷಧಿ ನಿಲ್ಲಿಸುವುದೂ ಆಗಲೇ. ಆದ್ದರಿಂದ ಮೊದಲ ದಿನಗಳಲ್ಲಿ ಗಡಿಯಾರ ನೋಡಿ ಕೊಡಬೇಕು, ರಾತ್ರಿ ಎಬ್ಬಿಸಿಯಾದರೂ. ಅರ್ಧ ಗಂಟೆ ಬಿಟ್ಟು ನೀರು, ಆರಿದ ರಾಗಿ ಗಂಜಿ, ಮೆತ್ತಗಿನ ಅನ್ನ. ಪ್ರಮಾಣ ಮಾತ್ರ ಮಗುವಿನ ತೂಕಕ್ಕೆ ತಕ್ಕಂತೆ ವೈದ್ಯರು ಹೇಳಿದಷ್ಟೇ. 5 ಮಿ.ಲೀ.ಗೆ 120 ಮಿ.ಗ್ರಾಂ. ಇರುವ ಸಿರಪ್ಪೂ 250 ಇರುವುದೂ ಅಂಗಡಿಯಲ್ಲಿವೆ. ಬಾಟಲಿ ಬದಲಾದದ್ದು ಗಮನಿಸದೆ ಅದೇ ಅಳತೆ ಹಾಕಿದರೆ ಎರಡು ಪಟ್ಟು ಹೋಗುತ್ತದೆ.

ಐಸ್‌ಕ್ರೀಮಿನಿಂದ ಶೀತವಾಗುತ್ತದೆ ಎನ್ನುವ ಅಜ್ಜಿಯರ ಮೇಲೆ ನನಗೆ ಕೋಪವಿಲ್ಲ. ನೋವಿನ ಔಷಧಿಯೆಲ್ಲ ಮಕ್ಕಳಿಗೆ ವಿಷ ಎಂದು ಹೆದರಿಸುವ ಓದಿದವರ ಮೇಲಿದೆ. ಅಮೆರಿಕದ ಔಷಧ ನಿಯಂತ್ರಕರು ಟಾನ್ಸಿಲ್ ತೆಗೆದ ಮಕ್ಕಳಿಗೆ ಕೊಡೀನ್ ಕೊಡಬೇಡಿ ಎಂದು 2013ರಲ್ಲಿ ಕಟ್ಟೆಚ್ಚರ ಕೊಟ್ಟರು, 2017ರಲ್ಲಿ ಟ್ರಾಮಡಾಲನ್ನೂ ಸೇರಿಸಿದರು. ಕೆಲವು ಮಕ್ಕಳ ದೇಹ ಕೊಡೀನನ್ನು ಬಹುಬೇಗ ಮಾರ್ಫಿನ್ ಆಗಿಸುತ್ತದೆ, ಉಸಿರೇ ನಿಲ್ಲಬಹುದು. ಆ ಎಚ್ಚರಿಕೆಯನ್ನು ಪ್ಯಾರಾಸಿಟಮಾಲ್‌ವರೆಗೂ ಎಳೆಯುವುದು ತಪ್ಪು. ಅಲ್ಲಿನ ಕಿವಿ-ಮೂಗು-ಗಂಟಲು ತಜ್ಞರ ಅಕಾಡೆಮಿಯ 2019ರ ಮಾರ್ಗಸೂಚಿ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಅಥವಾ ಎರಡನ್ನೂ ಶಿಫಾರಸು ಮಾಡುತ್ತದೆ. ಐಬುಪ್ರೊಫೇನಿನಿಂದ ರಕ್ತಸ್ರಾವ ಹೆಚ್ಚೀತೇ ಎಂಬ ಚರ್ಚೆ ತೀರಿಲ್ಲ, ಅದನ್ನು ಶಸ್ತ್ರಚಿಕಿತ್ಸೆ ಮಾಡಿದವರೇ ಹೇಳಬೇಕು. ಇನ್ನು ಗಂಟಲಲ್ಲಿ ಬಿಳಿ ಪೊರೆ ಕಂಡು ಕೀವಾಗಿದೆ ಎಂದು ಆಂಟಿಬಯಾಟಿಕ್ ಕೇಳುವವರಿದ್ದಾರೆ. ಗಾಯ ಮಾಯುವಾಗ ಬರುವ ಪೊರೆ ಅದು.

ಆ ಪೊರೆ ಉದುರುವ ಐದರಿಂದ ಹತ್ತನೆಯ ದಿನಗಳಲ್ಲಿ, ಎಲ್ಲರೂ ಮೈಮರೆತಿರುವಾಗ, ರಕ್ತ ಒಸರಬಹುದು. ನಿದ್ದೆಯಲ್ಲಿ ಮಗು ಮತ್ತೆ ಮತ್ತೆ ಗುಟುಕರಿಸುತ್ತಿದ್ದರೆ ದೀಪ ಹಾಕಿ ಬಾಯಿ ನೋಡಬೇಕು. ಕೆಂಪು ಕಂಡರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೊರಡಬೇಕು.