ಸಿನಿಮಾದ ಹೆಸರು ಕೇಳಬೇಡಿ, ಊರು ಕೇಳಿ

ಅಬುಧಾಬಿಯ ಯಾಸ್ ದ್ವೀಪದಲ್ಲಿ ಡಿಸ್ನಿ ಪಾರ್ಕ್ ಬರುತ್ತದೆಂಬ ಸುದ್ದಿ 2025ರ ಮೇ 7ರಂದು ಹೊರಬಿತ್ತು. ಅಂದಿನಿಂದ ದುಬೈ, ಶಾರ್ಜಾ, ಅಬುಧಾಬಿಯ ಕನ್ನಡಿಗ ಓದುಗರು ತಮ್ಮ ಆಸೆಪಟ್ಟಿ ಕಳಿಸುತ್ತಲೇ ಇದ್ದಾರೆ. ಊರಿನ ಓದುಗರಿಗೂ ಉತ್ಸಾಹ ಕಡಿಮೆಯೇನಿಲ್ಲ. ಬೆಂಗಳೂರಿನಿಂದ ನಾಲ್ಕು ಗಂಟೆಯ ಆಸುಪಾಸಿನ ವಿಮಾನದೂರದಲ್ಲಿ ಡಿಸ್ನಿ ಪಾರ್ಕ್ ಸಿಗುವುದು ಇದೇ ಮೊದಲು. ಪಟ್ಟಿಗಳನ್ನೆಲ್ಲ ಪ್ರೀತಿಯಿಂದ ಓದಿದ್ದೇನೆ. ಅಲ್ಲಾದೀನನ ಅಗ್ರಬಾ ಬೇಕು, ಫ್ರೋಜನ್‌ನ ಅರೆಂಡೆಲ್ ಬೇಕು, ಮಾರ್ವೆಲ್ ಬೇಕು, ಸ್ಟಾರ್ ವಾರ್ಸ್ ಬೇಕು. ಎಲ್ಲವೂ ತೆರೆಯ ಮೇಲೆ ನೋಡಿ ಮುಗಿಸಿದ ಊರುಗಳೇ. ಹೊಸ ನೆಲದ ಮೇಲೆ ಹೊಸದೊಂದನ್ನು ಕಟ್ಟಿ ಎಂದು ಕೇಳಿದವರು ಮಾತ್ರ ಕಾಣಲಿಲ್ಲ.

ಅಬುಧಾಬಿಯ ಒಪ್ಪಂದದ ಬಗ್ಗೆ ಈ ವಾರ ಬರೆಯುತ್ತೇನೆ ಎಂದಿದ್ದೆ. ಬರೆಯುತ್ತೇನೆ ಕೂಡ. ಅದಕ್ಕೂ ಮುಂಚೆ ಈ ಪಟ್ಟಿಗಳ ಜೊತೆ ಸ್ವಲ್ಪ ಜಗಳವಾಡಬೇಕಿದೆ.

1955ರ ಜುಲೈ 17ರಂದು ಅನಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ಬಾಗಿಲು ತೆರೆದಾಗ ಅಲ್ಲಿದ್ದದ್ದು ಮೇನ್ ಸ್ಟ್ರೀಟ್, ಅಡ್ವೆಂಚರ್‌ಲ್ಯಾಂಡ್, ಫ್ರಾಂಟಿಯರ್‌ಲ್ಯಾಂಡ್, ಫ್ಯಾಂಟಸಿಲ್ಯಾಂಡ್, ಟುಮಾರೋಲ್ಯಾಂಡ್. ಸಿನಿಮಾ ತೆಗೆದೇ ಹೆಸರಾದ ಮನುಷ್ಯ ಕಟ್ಟಿಸಿದ ಪಾರ್ಕಿನಲ್ಲಿ ಒಂದು ಲ್ಯಾಂಡಿಗೂ ಸಿನಿಮಾದ ಹೆಸರಿರಲಿಲ್ಲ. ನಡುವೆ ನಿಂತ ಸ್ಲೀಪಿಂಗ್ ಬ್ಯೂಟಿಯ ಕೋಟೆಯನ್ನೇ ನೋಡಿ. ಕೋಟೆ ಎದ್ದು ನಾಲ್ಕು ವರ್ಷವಾದ ಮೇಲೆ, 1959ರಲ್ಲಿ, ಆ ಸಿನಿಮಾ ಬಿಡುಗಡೆಯಾಯಿತು. ಮೊದಲ ವರ್ಷಗಳಲ್ಲಿ ಬಂದ ಮಕ್ಕಳು ಆ ಕೋಟೆಯ ಕಥೆಯನ್ನು ತೆರೆಯ ಮೇಲೆ ನೋಡಿಯೇ ಇರಲಿಲ್ಲ. ಆದರೂ ಸೇತುವೆ ದಾಟುವಾಗ ಅವರಿಗೆ ಯಾವ ಕೊರತೆಯೂ ಕಾಣಲಿಲ್ಲ. ಜಾಗ ಗಟ್ಟಿಯಾಗಿದ್ದರೆ ಕಥೆ ನಿಧಾನಕ್ಕೆ ಬಂದರೂ ನಡೆಯುತ್ತದೆ.

ಈ ಮಾತಿಗೆ ನನ್ನ ಬಳಿ ಇರುವ ದೊಡ್ಡ ಸಾಕ್ಷಿ ಅದೇ ಡಿಸ್ನಿಲ್ಯಾಂಡಿನ ಪೈರೇಟ್ಸ್ ಆಫ್ ದಿ ಕೆರಿಬಿಯನ್ ರೈಡ್. ರೈಡ್‌ಗಳಲ್ಲಿ ಮಹಾಕಾವ್ಯ ಎಂಬುದಿದ್ದರೆ ಅದು ಇದೇ. ಹಾಗಾಗಿ ಆರಂಭದಿಂದ ಕೊನೆಯವರೆಗೆ ಇನ್ನೊಮ್ಮೆ ಓದೋಣ. ಮೊದಲು ಇದನ್ನು ನಡೆದುಕೊಂಡು ನೋಡುವ ಮೇಣದ ಬೊಂಬೆಗಳ ಸಂಗ್ರಹಾಲಯವಾಗಿ ಯೋಚಿಸಿದ್ದರು. 1964–65ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ 'ಇಟ್ಸ್ ಎ ಸ್ಮಾಲ್ ವರ್ಲ್ಡ್'ನ ದೋಣಿಗಳು ಅಷ್ಟೊಂದು ಜನರನ್ನು ಸಲೀಸಾಗಿ ಸಾಗಿಸಿದ್ದನ್ನು ಕಂಡು ಇದನ್ನೂ ದೋಣಿಗೆ ಹತ್ತಿಸಿದರು. ರೈಡ್ ತೆರೆದದ್ದು 1967ರ ಮಾರ್ಚ್ 18ರಂದು. ವಾಲ್ಟ್ ಡಿಸ್ನಿ ತೀರಿಕೊಂಡು ಆಗ ಮೂರು ತಿಂಗಳಾಗಿತ್ತು.

ದೋಣಿ ಹೊರಡುವುದು ರಾತ್ರಿಯ ಜೌಗು ನೀರಿನಲ್ಲಿ. ಮಿಂಚುಹುಳುಗಳು ಹಾರಾಡುತ್ತಿವೆ. ಗುಡಿಸಲಿನ ಜಗಲಿಯಲ್ಲಿ ಒಬ್ಬ ಮುದುಕ ತೂಗುಕುರ್ಚಿಯ ಮೇಲೆ ಸುಮ್ಮನೆ ಕೂತಿದ್ದಾನೆ. ಇಲ್ಲಿ ಏನೂ ನಡೆಯುವುದಿಲ್ಲ. ಆ 'ಏನೂ ಇಲ್ಲ' ಎಂಬುದೇ ಇಡೀ ರೈಡಿನ ಅಡಿಪಾಯ. ಕಣ್ಣು ಕತ್ತಲೆಗೆ ಹೊಂದಿಕೊಳ್ಳುತ್ತದೆ, ಕಿವಿ ಚುರುಕಾಗುತ್ತದೆ, ಹೊರಗಿನ ಬಿಸಿಲು ಮರೆತುಹೋಗುತ್ತದೆ. ಕಮಾನಿನ ಮೇಲಿಂದ ತಲೆಬುರುಡೆಯೊಂದು ಎಚ್ಚರಿಕೆ ಕೊಡುತ್ತಿದ್ದಂತೆ ದೋಣಿ ಜಾರುತ್ತದೆ. ಸ್ವಲ್ಪ ಸುಧಾರಿಸಿಕೊಳ್ಳುವಷ್ಟರಲ್ಲಿ ಮತ್ತೊಮ್ಮೆ ಜಾರುತ್ತದೆ. ಕೆಳಗೆ ಗುಹೆಗಳು. ಅಲ್ಲಿರುವ ಕಡಲ್ಗಳ್ಳರೆಲ್ಲ ಅಸ್ಥಿಪಂಜರಗಳು. ಒಬ್ಬ ಬಿರುಗಾಳಿಯಲ್ಲಿ ಹಡಗಿನ ಚುಕ್ಕಾಣಿ ಹಿಡಿದೇ ಇದ್ದಾನೆ. ಇನ್ನೊಬ್ಬ ಕುಡಿಯುತ್ತಲೇ ಇದ್ದಾನೆ; ಮದ್ಯ ಪಕ್ಕೆಲುಬುಗಳ ನಡುವೆ ಇಳಿಯುವುದು ಕಾಣುತ್ತದೆ. ನಾಯಕ ಮಂಚದ ಮೇಲೆ ನಿಧಿಯ ನಕ್ಷೆ ಹಿಡಿದು ಮಲಗಿದ್ದಾನೆ. ಆಮೇಲೆ ಚಿನ್ನದ ರಾಶಿ ಬರುತ್ತದೆ, ಅದನ್ನು ಕಾಯುವವರೂ ಸತ್ತವರೇ.

ಇದಾದ ಮೇಲೆ ಕಾಲ ಹಿಂದಕ್ಕೆ ತಿರುಗುತ್ತದೆ. ಆಗತಾನೇ ನೋಡಿದ ಎಲುಬುಗಳಿಗೆ ಮಾಂಸ ತುಂಬುತ್ತದೆ, ಜೀವ ಬರುತ್ತದೆ. ಹಡಗು ಮತ್ತು ಕೋಟೆಯ ನಡುವೆ ಫಿರಂಗಿ ಕಾಳಗ. ಗುಂಡುಗಳು ನಮ್ಮ ದೋಣಿಯ ಅಕ್ಕಪಕ್ಕದ ನೀರಿಗೆ ಬೀಳುತ್ತವೆ. ಊರಿನ ಮೇಯರನ್ನು ಬಾವಿಗೆ ಅದ್ದಿ ಅದ್ದಿ ನಿಧಿಯ ಗುಟ್ಟು ಕೇಳುತ್ತಿದ್ದಾರೆ. ಊರು ಹೊತ್ತಿ ಉರಿಯುತ್ತಿದ್ದರೂ ಹಾಡು ನಿಂತಿಲ್ಲ. ಸೆರೆಮನೆಯಲ್ಲಿ ಸಿಕ್ಕಿಬಿದ್ದವರು ಬೀಗದ ಕೈ ಕಚ್ಚಿಕೊಂಡ ನಾಯಿಯನ್ನು ಮೂಳೆ ತೋರಿಸಿ ಕರೆಯುತ್ತಿದ್ದಾರೆ. ನಾಯಿ ಕದಲುವುದಿಲ್ಲ. ಕೊನೆಗೆ ಮದ್ದುಗುಂಡಿನ ಉಗ್ರಾಣದಲ್ಲೇ ಕುಡಿದವರು ಒಬ್ಬರ ಮೇಲೊಬ್ಬರು ಗುಂಡು ಹಾರಿಸುತ್ತಿರುವಾಗ ನಮ್ಮ ದೋಣಿ ಮೇಲಕ್ಕೇರಿ ಹೊರಬೀಳುತ್ತದೆ. ಸುಮಾರು ಹದಿನೈದು ನಿಮಿಷದ ಪಯಣ. ತೆರೆದಾಗ ಇಷ್ಟರಲ್ಲಿ ನಾಯಕನೂ ಇರಲಿಲ್ಲ, ನಾಯಕಿಯೂ ಇರಲಿಲ್ಲ, ಗೊತ್ತಿದ್ದ ಮುಖವೊಂದೂ ಇರಲಿಲ್ಲ. ಡಿಸ್ನಿಯ ಕಲಾವಿದರಲ್ಲಿ ಕ್ಲಾಡ್ ಕೋಟ್ಸ್ ಜಾಗ ಕಟ್ಟಿದರು, ಮಾರ್ಕ್ ಡೇವಿಸ್ ಜನರನ್ನು ತುಂಬಿದರು, ಎಕ್ಸ್ ಅಟೆನ್ಸಿಯೊ ಅವರ ಬಾಯಿಗೆ ಮಾತು ಕೊಟ್ಟರು. ಮೊದಲರ್ಧ ಸಾವು, ಎರಡನೆಯರ್ಧ ಆ ಸಾವಿಗೆ ಕಾರಣವಾದ ದುರಾಸೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ದೋಣಿಯೇ ತೋರಿಸಿಕೊಂಡು ಹೋಗುತ್ತದೆ.

ಇದರ ಹೆಸರಿನಲ್ಲಿ ಸಿನಿಮಾ ಬಂದದ್ದು 2003ರಲ್ಲಿ, ಮೂವತ್ತಾರು ವರ್ಷದ ನಂತರ. 2006ರಲ್ಲಿ ಜ್ಯಾಕ್ ಸ್ಪ್ಯಾರೋನನ್ನು ರೈಡಿನೊಳಗೂ ತಂದು ಕೂರಿಸಿದರು. ಆ ಬೊಂಬೆಯ ಕೈಕೆಲಸ ಚೆನ್ನಾಗಿದೆ. ಆದರೆ ಅವನು ಬಂದ ಮೇಲೆ ಜನ ಅವನನ್ನು ಹುಡುಕುತ್ತಾ ಕೂರುತ್ತಾರೆ, ಊರನ್ನು ನೋಡುವುದಿಲ್ಲ. ಸಿನಿಮಾ ಪಾತ್ರ ಜಾಗಕ್ಕೆ ಮಾಡುವ ಹಾನಿಯೆಂದರೆ ಇದೇ.

ಎದುರು ಪಾಳೆಯದವರ ವಾದ ನನಗೆ ಗೊತ್ತು. ಅವರು 2010ರ ಜೂನ್ 18 ಎಂಬ ತಾರೀಖನ್ನು ಮುಂದಿಡುತ್ತಾರೆ. ಒರ್ಲ್ಯಾಂಡೋದ ಯೂನಿವರ್ಸಲ್‌ನಲ್ಲಿ ಹ್ಯಾರಿ ಪಾಟರ್‌ನ ಹಾಗ್ಸ್‌ಮೀಡ್ ತೆರೆದ ದಿನ ಅದು. ಹಿಮ ಹೊದ್ದ ಸೂರುಗಳು, ಬಟರ್‌ಬಿಯರ್, ಬೆಟ್ಟದ ಮೇಲಿನ ಕೋಟೆ ನೋಡಲು ಜನ ಮುಗಿಬಿದ್ದದ್ದು ನಿಜ. ಕೆಲಸ ಅದ್ಭುತವಾಗಿತ್ತು ಎಂಬುದನ್ನೂ ಒಪ್ಪುತ್ತೇನೆ. ಅಲ್ಲಿಂದ ಶುರುವಾದ ಸಾಲು ನಿಂತೇ ಇಲ್ಲ: 2012ರಲ್ಲಿ ಕಾರ್ಸ್ ಲ್ಯಾಂಡ್, 2017ರಲ್ಲಿ ಅವತಾರ್‌ನ ಪ್ಯಾಂಡೋರಾ, 2019ರಲ್ಲಿ ಸ್ಟಾರ್ ವಾರ್ಸ್‌ನ ಗ್ಯಾಲಕ್ಸೀಸ್ ಎಡ್ಜ್, 2021ರಲ್ಲಿ ಒಸಾಕಾದ ಸೂಪರ್ ನಿಂಟೆಂಡೊ ವರ್ಲ್ಡ್. ದೊಡ್ಡ ಮೊತ್ತ ಹೂಡುವವರಿಗೆ ಗೊತ್ತಿರುವ ಹೆಸರೇ ಧೈರ್ಯ. ಆದರೆ ಹೆಸರೊಂದೇ ಕಾಯುವುದಿಲ್ಲ. ಸ್ಟಾರ್ ವಾರ್ಸ್‌ಗಿಂತ ದೊಡ್ಡ ಹೆಸರು ಯಾವುದಿದೆ? ಅದೇ ಹೆಸರಿನ ಗ್ಯಾಲಕ್ಟಿಕ್ ಸ್ಟಾರ್‌ಕ್ರೂಸರ್ ಹೋಟೆಲು 2022ರ ಮಾರ್ಚ್‌ನಲ್ಲಿ ತೆರೆದು 2023ರ ಸೆಪ್ಟೆಂಬರ್‌ನಲ್ಲಿ ಮುಚ್ಚಿತು.

ಹಾಗ್ಸ್‌ಮೀಡ್ ನುಂಗಿಹಾಕಿದ್ದರ ಬಗ್ಗೆ ಆ ಪಾಳೆಯದವರು ಮಾತೆತ್ತುವುದಿಲ್ಲ. ಅದೇ ಜಾಗದಲ್ಲಿ 1999ರಿಂದ ಡ್ಯುಯೆಲಿಂಗ್ ಡ್ರ್ಯಾಗನ್ಸ್ ಎಂಬ ಜೋಡಿ ರೋಲರ್ ಕೋಸ್ಟರ್ ಇತ್ತು. ಒಂದು ಬೆಂಕಿಯ ಡ್ರ್ಯಾಗನ್, ಇನ್ನೊಂದು ಹಿಮದ್ದು. ಪೈರಾಕ್, ಬ್ಲಿಜ್‌ರಾಕ್ ಎಂದು ಹೆಸರು. ಕಥೆ ಯಾವ ಸಿನಿಮಾದ್ದೂ ಅಲ್ಲ, ಪಾರ್ಕಿಗಾಗಿಯೇ ಹೆಣೆದದ್ದು. ಪಾಳುಬಿದ್ದ ಕೋಟೆಯೊಳಗಿನ ಉದ್ದನೆಯ ಸಾಲಿನಲ್ಲಿ ನಡೆದು, ಯಾವ ಡ್ರ್ಯಾಗನ್ ಎಂದು ಆರಿಸಿಕೊಂಡು ಹತ್ತಬೇಕು. ಎರಡೂ ಎದುರುಬದುರಾಗಿ ನುಗ್ಗಿ, ಇನ್ನೇನು ಕಾಲಿಗೆ ಕಾಲು ತಾಗಿತು ಎನ್ನುವಾಗ ತಿರುಗಿಕೊಳ್ಳುತ್ತಿದ್ದವು. 2010ರಲ್ಲಿ ಅದನ್ನು ಪಾಟರ್ ಕಥೆಗೆ ಸೇರಿಸಿ ಡ್ರ್ಯಾಗನ್ ಚಾಲೆಂಜ್ ಎಂದು ಕರೆದರು, 2017ರಲ್ಲಿ ಕೆಡವಿದರು. 2019ರಲ್ಲಿ ಅಲ್ಲಿ ಬಂದ ಹ್ಯಾಗ್ರಿಡ್‌ನ ಮೋಟಾರ್‌ಸೈಕಲ್ ಕೋಸ್ಟರ್ ಒಳ್ಳೆಯ ರೈಡೇ. ಆದರೂ ಹಳೆಯ ಅಭಿಮಾನಿಗಳು ಇವತ್ತಿಗೂ ಆ ಎರಡು ಡ್ರ್ಯಾಗನ್‌ಗಳನ್ನು ನೆನೆಯುತ್ತಾರೆ.

ಡ್ರ್ಯಾಗನ್ ಮಾತು ಬಂತಲ್ಲ, ಇನ್ನೊಂದು ಡ್ರ್ಯಾಗನ್ ಕಥೆ ಹೇಳಲೇಬೇಕು. ಅಬುಧಾಬಿ ಸ್ವಲ್ಪ ಕಾಯಲಿ. ಫ್ಲಾರಿಡಾದ ಡಿಸ್ನಿಯ ಅನಿಮಲ್ ಕಿಂಗ್‌ಡಮ್ 1998ರ ಏಪ್ರಿಲ್ 22ರಂದು ತೆರೆಯಿತು. ಅದರ ರೂವಾರಿ ಜೋ ರೋಡಿ. ಜೀವಂತ ಪ್ರಾಣಿಗಳಿಂದ ರೋಮಾಂಚನ ಸಾಧ್ಯವೇ ಎಂದು ಅನುಮಾನಿಸಿದ ಡಿಸ್ನಿಯ ಆಗಿನ ಮುಖ್ಯಸ್ಥ ಮೈಕೆಲ್ ಐಸ್ನರ್ ಎದುರಿಗೆ, ಸಭೆಯ ಕೋಣೆಗೇ ಬಂಗಾಳದ ಹುಲಿಯನ್ನು ಕರೆತಂದು ಉತ್ತರ ಕೊಟ್ಟ ಮನುಷ್ಯ. ಅವರ ಯೋಜನೆಯಲ್ಲಿ ಮೂರು ಬಗೆಯ ಜೀವಿಗಳಿದ್ದವು: ಇರುವವು, ಅಳಿದುಹೋದವು, ಮನುಷ್ಯ ಕಲ್ಪಿಸಿಕೊಂಡವು. ಮೂರನೆಯದಕ್ಕೆ ಬೀಸ್ಟ್ಲಿ ಕಿಂಗ್‌ಡಮ್ ಎಂಬ ಲ್ಯಾಂಡ್ ಬರಬೇಕಿತ್ತು. ಪಾಳು ಗೋಪುರದಲ್ಲಿ ನಿಧಿ ಕಾಯುವ ಡ್ರ್ಯಾಗನ್‌ನ ಕೋಸ್ಟರ್ ಒಂದು ಕಡೆ, ಯೂನಿಕಾರ್ನ್ ಹುಡುಕುವ ಚಕ್ರವ್ಯೂಹ ಇನ್ನೊಂದು ಕಡೆ. ದುಡ್ಡು ಸಾಲದೆ ಅದನ್ನು ಮುಂದಕ್ಕೆ ಹಾಕಿದರು. ಅದು ಬಂದೇ ಬರುತ್ತದೆಂಬ ನಂಬಿಕೆಯಲ್ಲಿ ಪಾರ್ಕಿನ ಲಾಂಛನದ ನಡುವೆ ಡ್ರ್ಯಾಗನ್ ಬರೆದಿದ್ದರು. ಕಾರು ನಿಲ್ಲಿಸುವ ಬಯಲಿನ ಒಂದು ಭಾಗಕ್ಕೆ ಯೂನಿಕಾರ್ನ್ ಎಂದು ಹೆಸರಿಟ್ಟಿದ್ದರು. ಅಭಿಮಾನಿಗಳು ವರ್ಷಗಟ್ಟಲೆ ಅದೇ ಲಾಂಛನ ತೋರಿಸಿ ಕೇಳಿದರು. ಆ ಜಾಗದಲ್ಲಿ 2017ರಲ್ಲಿ ಪ್ಯಾಂಡೋರಾ ಎದ್ದಿತು.

ಅಳಿದುಹೋದ ಜೀವಿಗಳ ಪಾಲಿಗೂ ಈಗ ಅದೇ ಗತಿ. ಅದೇ ಪಾರ್ಕಿನ ಡೈನೋಲ್ಯಾಂಡಿನಲ್ಲಿದ್ದ ಡೈನೋಸಾರ್ ರೈಡ್ 2026ರ ಫೆಬ್ರುವರಿ ಆರಂಭದಲ್ಲಿ ನಿಂತಿತು. ಅಲ್ಲಿ ಎನ್‌ಕಾಂಟೋ, ಇಂಡಿಯಾನಾ ಜೋನ್ಸ್ ರೈಡ್‌ಗಳಿರುವ ಟ್ರಾಪಿಕಲ್ ಅಮೆರಿಕಾಸ್ ಬರಲಿದ್ದು, 2027ಕ್ಕೆ ತೆರೆಯುವ ಯೋಜನೆ. ಫ್ಲಾರಿಡಾದ್ದೇ ಆದ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನಲ್ಲಿ ಕಾರ್ಸ್ ಸಿನಿಮಾಕ್ಕಾಗಿ ರಿವರ್ಸ್ ಆಫ್ ಅಮೆರಿಕಾ ಎಂಬ ನದಿಯನ್ನೇ 2025ರ ಜುಲೈನಲ್ಲಿ ಮುಚ್ಚಿದರು. ಅದರಾಚೆ ವಿಲನ್ಸ್ ಲ್ಯಾಂಡ್ ಬರಲಿದೆ. ಖಳರಿಗೊಂದು ನೆಲೆ ಬೇಕೆಂಬುದು ಅಭಿಮಾನಿಗಳ ಬಹುಕಾಲದ ಬೇಡಿಕೆ; 2024ರ ಆಗಸ್ಟ್‌ನಲ್ಲಿ ಅದಕ್ಕೆ ಒಪ್ಪಿಗೆಯ ಮಾತು ಸಿಕ್ಕಿತು. ಅದರ ಮೇಲೆ ನನಗೂ ಆಸೆಯಿದೆ. ಒಂದೊಂದು ಸಿನಿಮಾದಿಂದ ಒಂದೊಂದು ದೃಶ್ಯ ಕಿತ್ತು ಪೋಣಿಸದೆ, ಕೆಡುಕು ಮನೆಮಾಡಿಕೊಂಡ ಒಂದು ಊರನ್ನು ಅವರು ಕಟ್ಟಬೇಕು.

ಅದೇ ಅನಿಮಲ್ ಕಿಂಗ್‌ಡಮ್‌ನಲ್ಲಿ ನಾನು ಹೇಳುವ ಊರು ಈಗಲೂ ಇದೆ. ಹೆಸರು ಆನಂದಪುರ. ಭಾರತ, ನೇಪಾಳ, ಆಗ್ನೇಯ ಏಷ್ಯಾಗಳನ್ನು ನೋಡಿ ಕಲ್ಪಿಸಿದ ಜಾಗ. ಅಲ್ಲಿನ ಪಾಳು ಅರಮನೆಯಲ್ಲಿ ಹುಲಿಗಳು ಅಡ್ಡಾಡುತ್ತವೆ. ಗೋಡೆಗಳ ಮೇಲೆ ಮಾಸಿದ ಜಾಹೀರಾತು, ಮಳೆಯ ಕಲೆ. ಇನ್ನೊಂದು ಬದಿಯ ಬೆಟ್ಟದ ಮೇಲೆ 2006ರಲ್ಲಿ ತೆರೆದ ಎಕ್ಸ್‌ಪೆಡಿಷನ್ ಎವರೆಸ್ಟ್ ಕೋಸ್ಟರ್ ಓಡುತ್ತದೆ. ಅದರ ಯೇತಿ ಯಾವ ಸಿನಿಮಾದ್ದೂ ಅಲ್ಲ, ಹಿಮಾಲಯದ ಜನರ ನಂಬಿಕೆಯದು. ಆ ದೈತ್ಯ ಬೊಂಬೆ ಕೆಲವೇ ತಿಂಗಳು ಕೈಬೀಸಿ ಕೆಟ್ಟು ನಿಂತಿತು. ಇಂದಿಗೂ ಮಿನುಗುವ ಬೆಳಕು ಹಾಯಿಸಿ ಅದು ಚಲಿಸುತ್ತಿದೆ ಎನಿಸುವಂತೆ ಮಾಡುತ್ತಾರೆ. ಅಭಿಮಾನಿಗಳ ಆಸೆಗಳಲ್ಲೆಲ್ಲ ನನ್ನ ಮನಸ್ಸಿಗೆ ಹತ್ತಿರವಾದದ್ದು ಹೊಸ ರೈಡಿನ ಆಸೆಯಲ್ಲ. ಯೇತಿಯನ್ನು ರಿಪೇರಿ ಮಾಡಿ ಎಂದು ಅವರು ಬಿಡದೆ ಕೇಳುತ್ತಿರುವುದು. ಸಿನಿಮಾದ ಆಸರೆಯಿಲ್ಲದ ಒಂದು ಪ್ರಾಣಿಯ ಮೇಲೆ ಜನ ಇಷ್ಟು ಪ್ರೀತಿ ಇಟ್ಟಿದ್ದಾರೆ ಎಂದರೆ, ಹೊಸ ಕಥೆಗೆ ಗಿರಾಕಿಯಿಲ್ಲ ಎಂಬ ವಾದಕ್ಕೆ ಬೇರೆ ಉತ್ತರ ಬೇಕಿಲ್ಲ.

ಈಗ ಅಬುಧಾಬಿ. ಅಲ್ಲಿ ಹಣ ಹಾಕಿ, ಕಟ್ಟಿ, ನಡೆಸುವುದು ಮಿರಾಲ್ ಸಂಸ್ಥೆ; ವಿನ್ಯಾಸ ಮತ್ತು ಹೆಸರು ಡಿಸ್ನಿಯದು. ಇದೇ ಬಗೆಯ ಒಪ್ಪಂದ ಇನ್ನೊಂದು ಕಡೆ ಏನು ಕೊಟ್ಟಿದೆ ಎಂದು ನೋಡಿ. ಟೋಕಿಯೊದ ಪಾರ್ಕುಗಳ ಒಡೆತನ ಓರಿಯೆಂಟಲ್ ಲ್ಯಾಂಡ್ ಕಂಪನಿಯದು. 2001ರಲ್ಲಿ ಅವರು ಅಲ್ಲಿ ಡಿಸ್ನಿಸೀ ಪಾರ್ಕ್ ತೆರೆದರು. ಫ್ಲಾರಿಡಾದ ಡಿಸ್ನಿಯ ಟವರ್ ಆಫ್ ಟೆರರ್ ರೈಡ್ ಒಂದು ಟಿವಿ ಸರಣಿಯನ್ನು ನೆಚ್ಚಿಕೊಂಡಿದೆ. ಅದೇ ರೈಡ್ 2006ರಲ್ಲಿ ಡಿಸ್ನಿಸೀಗೆ ಬಂದಾಗ ಆ ಸರಣಿಯನ್ನು ಬಿಟ್ಟು ಹೊಸ ಕಥೆ ಬರೆದರು. ಹ್ಯಾರಿಸನ್ ಹೈಟವರ್ ಎಂಬ ಶ್ರೀಮಂತ ಪರದೇಶಗಳ ಮೂರ್ತಿಗಳನ್ನು ದೋಚಿ ತಂದು ತನ್ನ ಹೋಟೆಲು ತುಂಬುತ್ತಾನೆ. ಶಿರಿಕಿ ಉಟುಂಡು ಎಂಬ ಮೂರ್ತಿಯನ್ನು ಲಿಫ್ಟಿನಲ್ಲಿ ಒಯ್ಯುವಾಗ, 1899ರ ಕೊನೆಯ ರಾತ್ರಿ, ಅವನು ಕಾಣೆಯಾಗುತ್ತಾನೆ. 2013ರಲ್ಲಿ ಹಾಂಗ್‌ಕಾಂಗ್‌ನ ಮಿಸ್ಟಿಕ್ ಮ್ಯಾನರ್‌ಗೂ ಹೊಸ ಕಥೆಯನ್ನೇ ಬರೆದರು. ಆಲ್ಬರ್ಟ್ ಎಂಬ ಕೋತಿ ಸಂಗೀತಪೆಟ್ಟಿಗೆ ತೆರೆದದ್ದೇ ತಡ, ಮನೆಯ ತುಂಬ ಇರುವ ಪುರಾತನ ವಸ್ತುಗಳಿಗೆಲ್ಲ ಜೀವ ಬರುತ್ತದೆ. ನೋಡಲು ಯಾವ ಸಿನಿಮಾದ ಪೂರ್ವಪಾಠವೂ ಬೇಕಿಲ್ಲ. ಆದರೆ ಅದೇ ಡಿಸ್ನಿಸೀಯಲ್ಲಿ 2024ರಲ್ಲಿ ತೆರೆದ ಫ್ಯಾಂಟಸಿ ಸ್ಪ್ರಿಂಗ್ಸ್‌ನ ಮೂರೂ ಭಾಗ ಸಿನಿಮಾದವು. ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದಕ್ಕೆ ಇದು ಸಾಕ್ಷಿ. ಅಬುಧಾಬಿಯ ನೀಲನಕ್ಷೆಯ ವಿಷಯದಲ್ಲಿ ಅಭಿಮಾನಿಗಳು ಈಗಲೇ ದನಿ ಎತ್ತಬೇಕು ಎನ್ನುವುದು ಇದಕ್ಕೇ. ಮುತ್ತಿಗಾಗಿ ಮುಳುಗುವವರ ಕಡಲು, ಮರಳುಗಾಡಿನ ಸಾರ್ಥವಾಹರ ದಾರಿ, ಮಲಬಾರಿನ ಕರಿಮೆಣಸು ಹೊತ್ತು ಕೊಲ್ಲಿಗೆ ತಲುಪುತ್ತಿದ್ದ ಹಾಯಿಹಡಗುಗಳು ಅಲ್ಲಿ ಕಣ್ಣಮುಂದೆಯೇ ಇರುವಾಗ ಅಗ್ರಬಾ ಯಾಕೆ?

ನಮ್ಮ ಕಡೆಯ ಓದುಗರು ಇದು ದೊಡ್ಡವರ ಮಾತು ಎಂದುಕೊಳ್ಳಬೇಕಿಲ್ಲ. 2005ರಿಂದ ಬಿಡದಿಯಲ್ಲಿರುವ ವಂಡರ್‌ಲಾಗೆ ಹೋಗಿಬಂದ ಹುಡುಗರು ಕೇಳುವುದು ಇನ್ನೂ ಎತ್ತರದ ಕೋಸ್ಟರ್. ಅದು ನ್ಯಾಯವಾದ ಬೇಡಿಕೆಯೇ. ಅದರ ಜೊತೆಗೆ ಕಥೆಯಿರುವ ಒಂದು ಜಾಗವನ್ನೂ ಕೇಳಲಿ. ದಾರಿ ಹೊಸದಲ್ಲ: ಮುಂಬೈ–ಪುಣೆ ನಡುವಿನ ಖೋಪೋಲಿಯಲ್ಲಿ 2013ರಲ್ಲಿ ತೆರೆದ ಇಮ್ಯಾಜಿಕಾ 'ಮಿಸ್ಟರ್ ಇಂಡಿಯಾ' ಸಿನಿಮಾದ ರೈಡ್ ಮಾಡಿತು, ಪಕ್ಕದಲ್ಲೇ ರಾಜಾಸಾರಸ್ ಎಂಬ ಜಲರೈಡನ್ನೂ ಕಟ್ಟಿತು. ನರ್ಮದಾ ಕಣಿವೆಯಲ್ಲಿ ಪಳೆಯುಳಿಕೆ ಸಿಕ್ಕ, ನಮ್ಮದೇ ನೆಲದ ಡೈನೋಸಾರ್ ಅದು. ಎರಡರಲ್ಲಿ ನನ್ನ ಮತ ಯಾವುದಕ್ಕೆ ಎಂದು ಹೇಳಬೇಕಾಗಿಲ್ಲ.

ಆಸೆಪಟ್ಟಿ ಕಳಿಸುವ ಗೆಳೆಯರಲ್ಲಿ ಒಂದು ವಿನಂತಿ. ಮುಂದಿನ ಪಟ್ಟಿಯಲ್ಲಿ ಸಿನಿಮಾದ ಹೆಸರು ಬರೆಯಬೇಡಿ. ಯಾವ ಕಾಲ, ಯಾವ ನೀರು, ಯಾವ ಬೆಟ್ಟ, ಅಲ್ಲಿನ ಜನ ಯಾವುದಕ್ಕೆ ಹೆದರುತ್ತಾರೆ, ಏನನ್ನು ಬಚ್ಚಿಟ್ಟಿದ್ದಾರೆ ಎಂದು ಬರೆಯಿರಿ. ಅಂಥ ಪಟ್ಟಿ ಬಂದರೆ ಮುಂದಿನ ವಾರದ ಇಡೀ ಅಂಕಣ ಅದಕ್ಕೇ ಮೀಸಲು.